ಹೆಜ್ಜಾರ್ಲೆ

ಸೋಪು ಯಾವುದೆಂದು ಆಮೇಲೆ ಹೇಳುತ್ತೇನೆ, ಸಿಗ್ವಾಲ್ಡಿ,
ಮೊದಲು ಕೊಳೆ ಯಾವುದು ಹೇಳು.

ಜುಲೈ ಬಂತೆಂದರೆ ಗಿಮ್ಲಿಯ ನನ್ನ ಅಂಗಡಿಯಲ್ಲಿ
ಎಲ್ಲರಿಗೂ ಇದೇ ಪ್ರಶ್ನೆ.
ಒಂದು ರಾತ್ರಿ ವಿನ್ನಿಪೆಗ್ ಸರೋವರದಿಂದ
ಮೀನುನೊಣ ಏಳುತ್ತವೆ,
ತಿನ್ನಲು ಬಾಯಿಲ್ಲದ ಹುಳ, ಒಂದೆರಡು ದಿನದ ಬಾಳು.
ಬೆಳಗಾದರೆ ಗೋಡೆ, ದೀಪದ ಕಂಬ, ಬೀದಿಯ ಬೆಂಚು
ಎಲ್ಲಕ್ಕೂ ರೆಕ್ಕೆ.
ಬೂಟಿಟ್ಟಲ್ಲೆಲ್ಲ ಚಿರುಕ್ ಚಿರುಕ್.

ನೊಣ, ಎಂದ. ಸ್ಪ್ರೂಸ್ ಮರದ ಅಂಟು.
ಕಿಟಕಿಯ ಮೂಲೆಯಿಂದ ಇಳಿದ ಕರಿ ಗೆರೆ.
ಅಂದು ಪಾತ್ರೆ ಸೋಪಿನ ಹಳದಿ ಬಾಟಲಿಗೆ ಕೈ ಹಾಕಿದ.

ಅದು ಬಾಣಲೆಗೆ, ಎಂದೆ.
ಜಿಡ್ಡಿನ ಜೊತೆ ಮೇಣವನ್ನೂ ಎಳೆದುಕೊಂಡು ಹೋಗುತ್ತದೆ,
ಆಮೇಲೆ ಬಿಸಿಲಿಗೂ ನಿನ್ನ ಕ್ಯಾಂಪರಿಗೂ ನಡುವೆ ಯಾರೂ ಇಲ್ಲ.
ಬಟ್ಟೆ ಪುಡಿಯೂ ಬೇಡ, ಗೀರುತ್ತದೆ.
ಬ್ಲೀಚು ಹಾಕಿದರೆ ಕಿಟಕಿಯ ರಬ್ಬರು ಬಾಯಿ ಬಿಡುತ್ತದೆ,
ಮಳೆ ಒಳಗೆ ಬಂದು ಹಾಸಿಗೆಯ ಮೇಲೆ ಕೂರುತ್ತದೆ.

ಅವನು ದನಿ ತಗ್ಗಿಸಿದ.
ಹಕ್ಕಿ ಹೋಗಬಾರದು.

ಬಾಗಿಲ ಪಕ್ಕದ ಹೆಜ್ಜಾರ್ಲೆ.
ಇಪ್ಪತ್ತಾರರ ಗ್ರೋವಾ ಬೇಲಿಗೆ ಬಳಿದು ಉಳಿದ ನೀಲಿಯಲ್ಲಿ
ಆ ಮೊಟ್ಟೆಯಂಥ ಬಿಳಿ ಗಾಡಿಯ ಮೇಲೆ ಬರೆದದ್ದು.
ಕಳೆದ ವರ್ಷ ಬಚ್ಚಲಿನ ದ್ರವ ಸುರಿದು ತಿಕ್ಕಿದೆ ಲೋವಿಸಾ,
ಅರ್ಧ ಕೊಕ್ಕು ಬಕೆಟ್ಟಿಗೆ ಹೋಯಿತು.
ಪುಣ್ಯಕ್ಕೆ ಅವಳಿನ್ನೂ ನೋಡಿಲ್ಲ.

ಹೊರಗೆ ಟ್ರಕ್ಕಿನಲ್ಲಿ ಗಾಜು ಏರಿಸಿ ಕೂತ ಗ್ರೋವಾ
ಹಾರನ್ ಒತ್ತಿದಳು, ಉದ್ದಕ್ಕೆ.

ಕಾರು ತೊಳೆಯುವ ಮೆದು ಸೋಪು ಕೊಟ್ಟೆ,
ಹುಳಿಯೂ ಅಲ್ಲ, ಕ್ಷಾರವೂ ಅಲ್ಲ.
ಬಕೆಟ್ಟಿಗೆ ಒಂದೇ ಮುಚ್ಚಳ. ನೆರಳಲ್ಲಿ ನಿಲ್ಲಿಸು.
ಸೋಪು ಕೆಳಗಿಂದ ಮೇಲಕ್ಕೆ, ನೀರು ಮೇಲಿಂದ ಕೆಳಕ್ಕೆ.
ನೊಣದ ಮೇಲೆ ಒದ್ದೆ ಟವೆಲು ಹೊದಿಸಿ ಸುಮ್ಮನಿರು,
ಉಜ್ಜಬೇಡ. ನೆನೆಯಲಿ.
ನೆನೆದರೆ ತಾನೇ ಬಿಡುತ್ತದೆ.

ಹಾಗಂದದ್ದು ನಾನೇ.
ನೆನೆದಷ್ಟೂ ಬಿಗಿಯುವುದೂ ಉಂಟು,
ಅದನ್ನು ಗಿರಾಕಿಗೆ ಯಾಕೆ ಹೇಳಲಿ.

ಮೂರನೇ ದಿನ ಗ್ರೋವಾ ಒಬ್ಬಳೇ ಬಂದಳು.
ಇರುವುದರಲ್ಲಿ ಗಟ್ಟಿಯದು ಕೊಡು.
ಮೂವತ್ತೊಂಬತ್ತು ವರ್ಷವಾಯಿತು,
ಯಾವ ಕ್ಯಾಂಪಿಗೆ ಹೋದರೂ ಮಕ್ಕಳು ಕೇಳುತ್ತವೆ,
ಅಜ್ಜಿ, ಇದು ಯಾರ ಬೂಟು?
ಹೋದ ವರ್ಷ ಅವನು ತೊಳೆಯುವ ಮೊದಲೇ
ಉಗುರಲ್ಲಿ ಕೊಕ್ಕು ಕೆರೆದು ಸಡಿಲ ಮಾಡಿದ್ದೆ.
ಪಾಪ, ತನ್ನಿಂದಲೇ ಹೋಯಿತೆಂದುಕೊಂಡಿದ್ದಾನೆ,
ಚಳಿಗಾಲವಿಡೀ ಪಾತ್ರೆ ತೊಳೆದ.

ನಾನು ಅಂಗಡಿಯವಳು, ಪಾದ್ರಿಯಲ್ಲ.
ಕೈಗವಸಿನ ಸಮೇತ ಮಾರಿದೆ.

ಆಮೇಲೆ ಇಬ್ಬರೂ ಕಾಣಲಿಲ್ಲ.
ಕ್ಯಾನ್ವಾಸಿನ ಕೊಡೆಗಳು ಒಳಗೆ ಹೋದವು,
ದೋಣಿಗಳನ್ನು ಮಗುಚಿ ಹಾಕಿದರು.

ಸೆಪ್ಟೆಂಬರಿನ ಒಂದು ಸಂಜೆ ಬಂದರಿನ ಬಳಿ
ಅವರ ಗಾಡಿ ನಿಂತಿತ್ತು, ಶುಭ್ರವಾಗಿ.
ನೀಲಿ ಒಂದು ಚುಕ್ಕೆಯೂ ಉಳಿದಿಲ್ಲ.
ಸೂರ್ಯ ಓರೆಯಾದ.
ಆಗ ಕಂಡಿತು.
ಬಿಸಿಲಿಗೆ ಕೆನೆಗಟ್ಟಿದ ಇಡೀ ಮೈಯಲ್ಲಿ
ಬಣ್ಣ ಕಾದುಕೊಂಡಿದ್ದ ಜಾಗವಷ್ಟೇ ಹೊಸ ಬಿಳುಪು:
ಕತ್ತು, ರೆಕ್ಕೆ, ಗಂಟಲ ಚೀಲ,
ಹೋಗಿದ್ದ ಕೊಕ್ಕೂ, ತುದಿಯವರೆಗೆ.
ನೀಲಿಯಲ್ಲಿದ್ದಾಗ ಬೂಟಿನಂತಿದ್ದದ್ದು
ಈಗ ಸರೋವರದ ಮೇಲಿನ ಹಕ್ಕಿಗಳ ಬಣ್ಣ.

ಮಾಸುವುದು ಎರಡು ಬಗೆ:
ಕೊಳೆ ಹಿಡಿಯುವುದು ಒಂದು, ಬಣ್ಣ ಇಳಿಯುವುದು ಇನ್ನೊಂದು.
ಮೊದಲನೆಯದಕ್ಕೆ ನನ್ನ ಬಳಿ ಏಳು ತರದ ಬಾಟಲಿ ಇದೆ.

ಮಡಚುವ ಕುರ್ಚಿಯಲ್ಲಿ ಸಿಗ್ವಾಲ್ಡಿ,
ಬಾಯಿ ತೆರೆದು ಅದನ್ನೇ ನೋಡುತ್ತ.
ಗ್ರೋವಾ ಸೊಂಟದ ಮೇಲೆ ಕೈಯಿಟ್ಟು ನನ್ನತ್ತ ತಿರುಗಿದಳು.
ಸರಿ ಲೋವಿಸಾ, ಎಂದಳು,
ಇದಕ್ಕೇನು ಹಾಕಲಿ?